ಡೌನ್‌ಲೋಡ್‌ಗೆ ‘ಇಳಿಸು’ ಸಾಕಾ, ‘ನಕಲು’ ಬೇಕಾ?

ಎಲ್ಲರಿಗೂ ನಮಸ್ಕಾರ. ಹೊಸನಗರ ತಾಲೂಕಿನ ನಮ್ಮೂರಲ್ಲಿ ಭಾನುವಾರ ಮಧ್ಯಾಹ್ನ ಒಂದಷ್ಟು ಹಿರಿಯರಿಗೆ ಕಂಪ್ಯೂಟರ್ ಹೇಳಿಕೊಡ್ತಿದೀನಿ, ಹೆಚ್ಚಿನವ್ರು ಅಡಿಕೆ ತೋಟದವ್ರು, ಮೌಸ್ ಹಿಡಿಯೋದು ಇದೇ ಮೊದಲು. ಆದಷ್ಟೂ ಕನ್ನಡ ಪದಾನೇ ಬಳಸ್ತೀನಿ. ಡೌನ್‌ಲೋಡ್‌ಗೆ ‘ಇಳಿಸ್ಕೊಳ್ಳಿ’ ಅಂತಿದ್ದೆ, ಎಲ್ಲರಿಗೂ ಗೊತ್ತಿರೋ ಪದ, ಇದ್ರಲ್ಲಿ ತೊಡಕು ಬರತ್ತೆ ಅಂತ ಅಂದ್ಕೊಂಡೇ ಇರ್ಲಿಲ್ಲ.

ಹೋದ ವಾರ ಒಬ್ರು, ಎಪ್ಪತ್ತರ ಆಸುಪಾಸು, ತಮ್ಮ ಜಮೀನಿನ ಪಹಣಿ ತೆರೆದು ಕೂತಿದ್ರು. ‘ಈಗ ಇಳಿಸ್ಕೊಳ್ಳಿ’ ಅಂದೆ. ಬಾಣದ ಗುರುತು ಸರಿಯಾಗಿ ಬಟನ್ ಮೇಲೇ ಇದೆ, ಬೆರಳು ಮಾತ್ರ ಒತ್ತಲ್ಲ. ಯಾಕೆ ಅಂತ ಕೇಳಿದ್ರೆ, ‘ಅಲ್ಲ ತಮ್ಮಾ, ಇದು ಜಂಟಿ ಖಾತೆ. ನಾ ಇಳಿಸ್ಕಂಡ್ಬಿಟ್ರೆ ನನ್ ತಮ್ಮಂಗೆ ಅಲ್ಲಿ ಏನಿರತ್ತೆ?’ ಅಂದ್ರು.

ಅವ್ರು ಕೇಳಿದ್ದು ಸರಿಯಾಗೇ ಇದೆ. ಕೊನೆಗಾರ ಅಡಿಕೆ ಮರ ಹತ್ತಿ ಕೊನೆ, ಅಂದ್ರೆ ಅಡಿಕೆ ಗೊನೆ, ಕೊಯ್ದು ಹಗ್ಗದಲ್ಲಿ ಇಳಿಸಿದ ಅಂದ್ರೆ ಮರ ಖಾಲಿ. ಅಟ್ಟದಿಂದ ಮೂಟೆ, ಬಸ್ಸಿನ ಟಾಪಿಂದ ಸಾಮಾನು, ಒಲೆಯಿಂದ ಅನ್ನದ ಪಾತ್ರೆ, ಯಾವ್ದನ್ನ ಇಳಿಸಿದ್ರೂ ಅದು ಮೇಲೆ ಇರಲ್ಲ. ಡೌನ್‌ಲೋಡಲ್ಲಿ ಆಗೋದು ಬೇರೆ, ದೂರದ ಸರ್ವರಲ್ಲಿ ಮೂಲ ಇದ್ದಹಾಗೇ ಇರತ್ತೆ, ಅದರ ಒಂದು ಪ್ರತಿ ತುಂಡು ತುಂಡಾಗಿ ನೆಟ್‌ವರ್ಕಲ್ಲಿ ಬಂದು ನಮ್ಮ ಮಷೀನಲ್ಲಿ ಮತ್ತೆ ಜೋಡಣೆ ಆಗತ್ತೆ, ಸಾವಿರ ಜನ ತಗೊಂಡ್ರೂ ಅಲ್ಲಿ ಒಂದಕ್ಷರ ಕಮ್ಮಿ ಆಗಲ್ಲ.

ಇದನ್ನ ಬಿಡಿಸಿ ಹೇಳ್ತಿದ್ದಾಗ ಪಕ್ಕದಲ್ಲಿ ಕೂತಿದ್ದ ಅಕ್ಕ ಒಬ್ರು, ‘ಹಂಗಾರೆ ನಕಲು ಅನ್ನಿ, ಮುಂಚೆ ತಾಲೂಕಾಫೀಸಲ್ಲಿ ಕೊಡ್ತಿದ್ರಲ’ ಅಂದ್ರು. ನನಗೆ ರೋಮಾಂಚನ ಆಯ್ತು. ಮೂಲ ದಾಖಲೆ ಕಚೇರಿಯಲ್ಲೇ ಇರತ್ತೆ, ಅರ್ಜಿ ಹಾಕಿದವ್ರಿಗೆ ನಕಲು ಸಿಗತ್ತೆ, ಡೌನ್‌ಲೋಡ್ ಅಂದ್ರೆ ಇಷ್ಟೇ ತಾನೇ? ಆ ಹಿರಿಯರು ಕೂಡ್ಲೇ ಬಟನ್ ಒತ್ತಿದ್ರು. ಇನ್ನೊಂದು ವಿಷಯ, ನಕಲು ಅನ್ನೋದರ ಮೂಲ ಅರಬ್ಬಿಯ ‘ನಕ್ಲ್’, ಅಲ್ಲಿ ಅದಕ್ಕೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗಿಸೋದು ಅನ್ನೋ ಅರ್ಥಾನೂ ಇದೆ, ಪ್ರತಿ ಮಾಡೋದು ಅನ್ನೋ ಅರ್ಥಾನೂ ಇದೆ. ಡೌನ್‌ಲೋಡಲ್ಲಿ ಎರಡೂ ಆಗತ್ತಲ್ಲ!

ಆದ್ರೆ ಅಡ್ಡಿನೂ ಇದೆ. ಹುಡುಗರ ಕಿವಿಗೆ ನಕಲು ಅಂದ್ರೆ ಪರೀಕ್ಷೆ ಹಾಲಲ್ಲಿ ಮಾಡೋದು, ‘ನಕಲಿ’ ಬೇರೆ ಪಕ್ಕದಲ್ಲೇ ನಿಂತಿದೆ. ಅದಕ್ಕಿಂತ ದೊಡ್ಡ ತೊಡಕು, ಕಾಪಿ ಅನ್ನೋದಕ್ಕೆ ‘ನಕಲಿಸಿ’ ಅಂತ ಆಗ್ಲೇ ಬಳಕೆಯಲ್ಲಿದೆ, ಎರಡೂ ಒಂದೇ ಅಂದ್ಕೊಂಡ್ರೆ ಕಷ್ಟ. ಸದ್ಯಕ್ಕೆ ನಾನು ‘ನಕಲು ಇಳಿಸ್ಕೊಳ್ಳಿ’ ಅಂತ ಎರಡು ಪದ ಸೇರಿಸಿ ಹೇಳ್ತಿದೀನಿ, ಉದ್ದ ಆಯ್ತು ನಿಜ, ಆದ್ರೆ ಯಾರೂ ಹೆದರ್ತಿಲ್ಲ.

ಸೇವ್‌ಗೂ ಹಿಂಗೇ ಆಯ್ತು. ‘ಉಳಿಸಿ’ ಅಂದ್ರೆ ನಮ್ಮಲ್ಲಿ ಒಂದೋ ದುಡ್ಡು, ಇಲ್ಲಾ ರಾತ್ರಿ ಮಿಕ್ಕಿದ ಸಾರು. ‘ಎತ್ತಿಡಿ’ ಅಂದೆ, ಹಪ್ಪಳದ ಡಬ್ಬಿ ಎತ್ತಿಡೋರಿಗೆ ಮತ್ತೇನೂ ಹೇಳೋದು ಬೇಕಾಗ್ಲಿಲ್ಲ. ಫೈಲ್‌ಗೆ ಕಡತ ಅನ್ನೋದನ್ನ ಮಾತ್ರ ನಾನು ಬಿಟ್ಟುಕೊಡಲ್ಲ. ಬಟ್ಟೆಗೆ ಹುಣಸೆ ಬೀಜದ ಅಂಟು, ಇದ್ದಿಲ ಪುಡಿ ಸವರಿ ಕಪ್ಪು ಮಾಡಿ, ಮಡಿಚಿ ಮಡಿಚಿ ಇಟ್ಟು ಬಳಪದಲ್ಲಿ ಬರೀತಿದ್ರಲ್ಲ, ಅದೇ ಕಡತ, ಶೃಂಗೇರಿ ಮಠದ ಕಡತಗಳು ಹೆಸರಾದವು. ಬರೆದದ್ದನ್ನ ಅಳಿಸಿ ಮತ್ತೆ ಬರೀಬಹುದಿತ್ತು, ಕಂಪ್ಯೂಟರ್ ಫೈಲಿಗೆ ಇದಕ್ಕಿಂತ ಒಪ್ಪೋ ಪದ ಎಲ್ಲಿ ಸಿಗತ್ತೆ?

ಈಗ ನನ್ನ ಪ್ರಶ್ನೆ ಅಪ್‌ಲೋಡ್‌ದು. ‘ಏರಿಸಿ’ ಅಂದ್ರೆ ಮತ್ತೆ ಅದೇ ಅನುಮಾನ, ಮೊಮ್ಮಗಳ ಫೋಟೋ ಏರಿಸಿದ್ರೆ ನನ್ನ ಫೋನಲ್ಲಿ ಇರಲ್ವಾ ಅಂತ ಆ ಅಕ್ಕಾನೇ ಕೇಳಿದಾರೆ. ‘ನಕಲು ಏರಿಸಿ’ ಯಾಕೋ ಬಾಯಿಗೆ ಒಗ್ಗಲ್ಲ, ‘ನಕಲು ಕೊಡಿ’ ಅಂದ್ರೆ ಯಾರಿಗೆ ಅಂತಾರೆ. ಸಾಗರ, ತೀರ್ಥಹಳ್ಳಿ, ಕೊಪ್ಪದ ಕಡೆ ಹಿರಿಯರಿಗೆ ಹೇಳಿಕೊಡೋರು ಯಾರಾದ್ರೂ ಇದ್ರೆ, ಅವ್ರ ಬಾಯಲ್ಲಿ ತಾನಾಗೇ ಬಂದ ಪದ ಯಾವುದು ಅಂತ ದಯವಿಟ್ಟು ತಿಳಿಸ್ತೀರಾ?