ಸಹಾಯ ಬೇಕು: ಶಾಲೆಗೆ ಹೋಗುವ ಮಗಳ ಡಿಎನ್‌ಆರ್ (ಹೃದಯ ನಿಂತರೆ ಮತ್ತೆ ಬಡಿಸಲು ಯತ್ನಿಸಬಾರದೆಂಬ) ಆದೇಶದ ಬಗ್ಗೆ

ಬಳಗದ ಎಲ್ಲರಿಗೂ ನಮಸ್ಕಾರ. ನಾವು ಅಮೆರಿಕದ ಮೇರಿಲ್ಯಾಂಡಿನಲ್ಲಿದ್ದೇವೆ. ವಾಸಿಯಾಗದ ನರರೋಗವಿರುವ ನಮ್ಮ 11 ವರ್ಷದ ಮಗಳ ಹೃದಯ ನಿಂತರೆ ಎದೆ ಒತ್ತುವ ಸಿಪಿಆರ್ ಮಾಡಬಾರದೆಂದು, ವೈದ್ಯರೊಂದಿಗೆ ತಿಂಗಳುಗಟ್ಟಲೆ ಕುಳಿತು ಮಾತನಾಡಿದ ಮೇಲೆ, ನಾನೂ ನನ್ನ ಪತ್ನಿಯೂ ತೀರ್ಮಾನಿಸಿದ್ದೇವೆ. ಈ ಆದೇಶವನ್ನು ಬರೆದಿರುವ, ವೈದ್ಯರ ಸಹಿಯಿರುವ ‘ಮೋಲ್ಸ್ಟ್’ ಎಂಬ ನಮೂನೆ ಅವಳ ಗಾಲಿಕುರ್ಚಿಯ ಹಿಂದಿನ ಚೀಲದಲ್ಲಿ, ಕಫ ಹೀರುವ ಯಂತ್ರದ ಪಕ್ಕದಲ್ಲೇ, ಪ್ಲಾಸ್ಟಿಕ್ ಹೊದಿಕೆಯೊಳಗೆ ಇರುತ್ತದೆ.

ಆದರೆ ಶಾಲೆಯವರು, ಏನೇ ಆದರೂ ತುರ್ತು ಸಂಖ್ಯೆ 911ಕ್ಕೆ ಕರೆ ಮಾಡಿ ಸಿಪಿಆರ್ ಆರಂಭಿಸುವುದೇ ತಮ್ಮ ನಿಯಮ ಎನ್ನುತ್ತಿದ್ದಾರೆ. ಇಂಥ ಆದೇಶವನ್ನು ಶಾಲೆಗಳು ಮಾನ್ಯ ಮಾಡಬೇಕೆಂದು ಇದೇ ರಾಜ್ಯದ ಅಟಾರ್ನಿ ಜನರಲ್ 1994ರಲ್ಲೇ ಅಭಿಪ್ರಾಯ ನೀಡಿದ್ದರು. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯೂ 2010ರ ಹೇಳಿಕೆಯಲ್ಲಿ, ಪೋಷಕರು, ವೈದ್ಯರು, ಶಾಲಾ ನರ್ಸ್ ಮತ್ತು ಆಂಬುಲೆನ್ಸ್ ಸಿಬ್ಬಂದಿ ಸೇರಿ ಮುಂಚಿತವಾಗಿ ಯೋಜನೆ ಮಾಡಿಕೊಳ್ಳುವುದನ್ನು ಬೆಂಬಲಿಸಿದೆ. ಶಿಕ್ಷಕಿಯ ಭಯ ನನಗೆ ಅರ್ಥವಾಗುತ್ತದೆ. ಉಳಿದ ಮಕ್ಕಳ ಕಣ್ಣೆದುರು ಕೈಕಟ್ಟಿ ನಿಲ್ಲಿರೆಂದು ನಾವು ಅವರನ್ನು ಕೇಳುತ್ತಿಲ್ಲ. ಆಮ್ಲಜನಕ ಕೊಡುವುದು, ಕಫ ತೆಗೆಯುವುದು, ಕೈಹಿಡಿದು ಪಕ್ಕದಲ್ಲಿ ಕೂರುವುದು ಎಲ್ಲವೂ ನಡೆಯಲೇಬೇಕು.

ಇಂಥ ಯೋಜನೆಯನ್ನು ಶಾಲೆಯಿಂದ ಬರೆಸಿಕೊಂಡ ಪೋಷಕರಾಗಲಿ, ಶಾಲಾ ನರ್ಸ್ ಆಗಿ ಕೆಲಸ ಮಾಡಿದವರಾಗಲಿ ಬಳಗದಲ್ಲಿದ್ದರೆ ದಯವಿಟ್ಟು ಖಾಸಗಿಯಾಗಿ ಸಂದೇಶ ಕಳುಹಿಸಿ. ಮುಖ್ಯವಾಗಿ, ಬಸ್ ಚಾಲಕರಿಗೂ ಬದಲಿ ಶಿಕ್ಷಕರಿಗೂ ಏನೆಂದು ಬರೆದುಕೊಟ್ಟಿರಿ? ಇನ್ನೊಂದು ವಿಷಯ: ಹಾಸನದಲ್ಲಿರುವ ನನ್ನ ತಾಯಿಗೆ ಇದು ‘ಮಗುವನ್ನು ಕೈಬಿಟ್ಟರು’ ಎಂದು ಕೇಳಿಸದಂತೆ ಹೇಗೆ ತಿಳಿಸಲಿ ಎಂಬುದಕ್ಕೆ ಸರಿಯಾದ ಕನ್ನಡವೇ ನನಗೆ ಹೊಳೆಯುತ್ತಿಲ್ಲ. ಶಾಲೆಯೊಂದಿಗಿನ ಸಭೆ ಬರುವ ಗುರುವಾರವಿದೆ.