ಲಿವರ್ ಕ್ಯಾನ್ಸರಿಗೆ ಟೇಸ್ (ಗಡ್ಡೆಯ ರಕ್ತನಾಳಕ್ಕೆ ಔಷಧಿ ಬಿಟ್ಟು ರಕ್ತ ನಿಲ್ಲಿಸುವ ಚಿಕಿತ್ಸೆ) ಆಗಿ 5 ವಾರ, ಗಡ್ಡೆಯ ಅಳತೆ ಹೆಚ್ಚುಕಡಿಮೆ ಅಷ್ಟೇ ಇದೆ. ರಿಪೋರ್ಟಲ್ಲಿ ಏನು ಬರೆಯೋದು?

ರೇಡಿಯಾಲಜಿ_ಪಿಜಿ:
ಸಿರೋಸಿಸ್ ಇರುವ ರೋಗಿ, ಯಕೃತ್ತಿನ 8ನೇ ಸೆಗ್ಮೆಂಟಿನಲ್ಲಿ 5.2 ಸೆಂ.ಮೀ. ಎಚ್‌ಸಿಸಿ (ಯಕೃತ್ತಿನ ಕ್ಯಾನ್ಸರ್ ಗಡ್ಡೆ). ಮೊದಲ ಸಿಟಿಯಲ್ಲಿ ಆರ್ಟೀರಿಯಲ್ ಫೇಸ್‌ನಲ್ಲಿ (ಚುಚ್ಚಿದ ಕಾಂಟ್ರಾಸ್ಟ್ ಅಪಧಮನಿಗಳಲ್ಲಿರುವಾಗ ತೆಗೆದ ಚಿತ್ರದಲ್ಲಿ) ಇಡೀ ಗಡ್ಡೆ ಹೊಳೀತಿತ್ತು. ಲಿಪಿಯೊಡಾಲ್ (ಸಿಟಿಯಲ್ಲಿ ಬೆಳ್ಳಗೆ ಕಾಣುವ ಅಯೋಡಿನ್ ಎಣ್ಣೆ) ಹಾಕಿ ಟೇಸ್ ಮಾಡಿದ್ದಾರೆ. ಈಗ 4.9 ಸೆಂ.ಮೀ. ಮುಕ್ಕಾಲು ಭಾಗ ಸುಣ್ಣದಂತೆ ಬೆಳ್ಳಗಿದೆ, ಎಡ ಅಂಚಿನ 2.1 ಸೆಂ.ಮೀ.ನಲ್ಲಿ ಮಾತ್ರ ಲಿಪಿಯೊಡಾಲ್ ಇಲ್ಲ, ಅಲ್ಲಿ ಆರ್ಟೀರಿಯಲ್‌ನಲ್ಲಿ ಹೊಳಪಿದೆ ಅನ್ಸುತ್ತೆ. 'ಸ್ಟೇಬಲ್' ಅನ್ನೋದಾ, 'ಪಾರ್ಶಿಯಲ್ ರೆಸ್ಪಾನ್ಸ್' ಅನ್ನೋದಾ?

ಲಿವರ್_ಇಮೇಜಿಂಗ್:
ರೆಸಿಸ್ಟ್ 1.1 (ಗಡ್ಡೆಯ ಒಟ್ಟು ಅಳತೆ ನೋಡಿ ಚಿಕಿತ್ಸೆಯ ಫಲ ಹೇಳುವ ನಿಯಮ) ಹಿಡಿದರೆ ಶೇ. 6ರಷ್ಟು ಇಳಿಕೆ, ಅಂದರೆ ಸ್ಟೇಬಲ್. ಆದರೆ ಟೇಸ್ ಗಡ್ಡೆಯನ್ನು ಕರಗಿಸೋದಿಲ್ಲ, ರಕ್ತ ನಿಲ್ಲಿಸಿ ಸಾಯಿಸುತ್ತೆ. ಸತ್ತ ಭಾಗ ತಿಂಗಳುಗಟ್ಟಲೆ ಅಲ್ಲೇ ಕೂತಿರುತ್ತೆ. ಅದಕ್ಕೇ 2010ರ ಎಂ-ರೆಸಿಸ್ಟ್ (ಮಾರ್ಪಡಿಸಿದ ರೆಸಿಸ್ಟ್) ಬಂದದ್ದು: ಆರ್ಟೀರಿಯಲ್ ಫೇಸ್‌ನಲ್ಲಿ ಹೊಳೆಯುವ ಭಾಗವನ್ನಷ್ಟೇ ಅಳೆಯಿರಿ, ಗೆರೆ ಸತ್ತ ಜಾಗವನ್ನು ದಾಟಬಾರದು. 5.2ರಿಂದ 2.1 ಅಂದರೆ ಸುಮಾರು ಶೇ. 60 ಇಳಿಕೆ. ಶೇ. 30 ಇಳಿದರೇ ಪಾರ್ಶಿಯಲ್, ಶೇ. 20 ಏರಿದರೆ ಪ್ರೊಗ್ರೆಷನ್. ಇನ್ನೊಂದು ಗಡ್ಡೆ ಇದ್ದರೆ ಎರಡರ ಮೊತ್ತ ತಗೊಳ್ಳಿ.

ಆದರೆ ಆ 2.1 ನಿಜವಾಗಿ ಹೊಳೆಯುತ್ತಿದೆಯಾ? ಪ್ಲೇನ್ (ಕಾಂಟ್ರಾಸ್ಟ್ ಇಲ್ಲದ ಸಿಟಿ) ಮತ್ತು ಆರ್ಟೀರಿಯಲ್ ಎರಡರಲ್ಲೂ ಅದೇ ಜಾಗಕ್ಕೆ ಆರ್‌ಓಐ (ಅಳೆಯುವ ವೃತ್ತ) ಇಟ್ಟು ಎಚ್‌ಯು (ಸಿಟಿಯ ಸಾಂದ್ರತೆಯ ಅಂಕಿ) ಹೋಲಿಸಿ. ಲಿಪಿಯೊಡಾಲಿನ ಪಕ್ಕದಲ್ಲಿ ಬೀಮ್ ಹಾರ್ಡನಿಂಗ್ ಗೆರೆಗಳು ಸುಳ್ಳು ಹೊಳಪು ತೋರಿಸುತ್ತವೆ. ಬೆಳ್ಳಗಿರುವ ಭಾಗದ ಒಳಗೆ ಜೀವ ಉಳಿದಿದ್ದರೂ ಸಿಟಿಯಲ್ಲಿ ಕಾಣೋದಿಲ್ಲ.

ಸಿಟಿ_ಟೆಕ್ನಾಲಜಿಸ್ಟ್:
ಅದಕ್ಕೂ ಮುಂಚೆ ಆರ್ಟೀರಿಯಲ್ ಫೇಸ್ ಸರಿಯಾಗಿ ಬಂದಿದೆಯಾ ನೋಡಿ. ಹೆಪಾಟಿಕ್ ಆರ್ಟರಿ ಚೆನ್ನಾಗಿ ಬೆಳಗಿರಬೇಕು, ಪೋರ್ಟಲ್ ವೇನ್ ಸ್ವಲ್ಪ ಬೆಳಗಿರಬೇಕು, ಹೆಪಾಟಿಕ್ ವೇನ್ ಕಪ್ಪಾಗಿರಬೇಕು. ಪೋರ್ಟಲ್ ಪೂರ್ತಿ ಕಪ್ಪಿದ್ದರೆ ಬೇಗ ತೆಗೆದಿದ್ದಾರೆ, ಉಳಿದ ಗಡ್ಡೆ ತಪ್ಪಿಹೋಗುತ್ತೆ. 60 ಕೆ.ಜಿ. ರೋಗಿಗೆ ಎಂ.ಎಲ್.ಗೆ 350 ಮಿ.ಗ್ರಾಂ. ಅಯೋಡಿನ್ ಇರುವ ಕಾಂಟ್ರಾಸ್ಟ್ 90 ಎಂ.ಎಲ್., ಸೆಕೆಂಡಿಗೆ 4 ಎಂ.ಎಲ್., ಹಿಂದೆ ಸಲೈನ್. ಅಯೋರ್ಟಾದಲ್ಲಿ 150 ಎಚ್‌ಯು ಮುಟ್ಟಿದ ಮೇಲೆ 15–20 ಸೆಕೆಂಡ್ ಕಾದು ಆರ್ಟೀರಿಯಲ್, ಇಂಜೆಕ್ಷನ್ ಶುರುವಾಗಿ 70 ಸೆಕೆಂಡಿಗೆ ಪೋರ್ಟಲ್, 3 ನಿಮಿಷಕ್ಕೆ ಡಿಲೇಡ್. ಕೈಯಲ್ಲಿ 22 ಗೇಜಿನ ತೆಳು ಕ್ಯಾನುಲಾ ಇಟ್ಟು ಸೆಕೆಂಡಿಗೆ 2 ಎಂ.ಎಲ್. ಬಿಟ್ಟರೆ ಆಮೇಲೆ ಯಾವ ವಿಂಡೋ ಹಾಕಿದರೂ ಪ್ರಯೋಜನ ಇಲ್ಲ. ರೇಡಿಯೇಷನ್ ಉಳಿಸೋಕೆ ಅಂತ ಪ್ಲೇನ್ ಬಿಟ್ಟುಬಿಡೋದು ಇನ್ನೂ ದೊಡ್ಡ ತಪ್ಪು.

ರೇಡಿಯಾಲಜಿ_ಪಿಜಿ:
ಫೇಸ್ ಸರಿಯಿದೆ ಸರ್. ಪ್ಲೇನ್ ತೆಗೆದೇ ಇಲ್ಲ. ಡ್ಯುಯಲ್ ಎನರ್ಜಿ (ಎರಡು ಎಕ್ಸ್‌ರೇ ಶಕ್ತಿಯಲ್ಲಿ ತೆಗೆದ ಸಿಟಿ) ಇದೆ, ಅದರಿಂದ ಅಯೋಡಿನ್ ಕಳೆದು ವರ್ಚುವಲ್ ಪ್ಲೇನ್ ಮಾಡಿದರೆ?

ಲಿವರ್_ಇಮೇಜಿಂಗ್:
ಬೇಡ. ಲಿಪಿಯೊಡಾಲೂ ಅಯೋಡಿನ್ನೇ, ಕಾಂಟ್ರಾಸ್ಟ್ ಜತೆಗೆ ಅದನ್ನೂ ಅಳಿಸಿಬಿಡುತ್ತೆ. ಎಂಆರ್‌ಐ ಮಾಡಿಸಿ, ಅಲ್ಲಿ ಲಿಪಿಯೊಡಾಲ್ ಅಷ್ಟಾಗಿ ಅಡ್ಡಬರಲ್ಲ. ಸತ್ತ ಭಾಗದಲ್ಲಿ ರಕ್ತಸ್ರಾವವಾಗಿದ್ದರೆ ಟಿ1 ಚಿತ್ರದಲ್ಲಿ ಕಾಂಟ್ರಾಸ್ಟಿಗೆ ಮೊದಲೇ ಬೆಳ್ಳಗಿರುತ್ತೆ, ಆದ್ದರಿಂದ ಸಬ್‌ಟ್ರಾಕ್ಷನ್ (ನಂತರದ ಚಿತ್ರದಿಂದ ಮೊದಲಿನದನ್ನು ಕಳೆಯೋದು) ಕಡ್ಡಾಯ. ಪ್ರತಿ ಸಲವೂ ಉಸಿರು ಬಿಟ್ಟು ಹಿಡಿಯೋಕೆ ಹೇಳಿ. ಒಂದು ಸಲ ಒಳಗೆ ಎಳೆದು ಇನ್ನೊಂದು ಸಲ ಬಿಟ್ಟರೆ ಯಕೃತ್ತು ಜರುಗಿ, ಗಡ್ಡೆಯ ಒಂದು ಬದಿಗೆ ಚಂದ್ರನ ಚೂರಿನಂಥ ಸುಳ್ಳು ಹೊಳಪು ಬರುತ್ತೆ. ಗ್ಯಾಡೋಕ್ಸೆಟೇಟ್ (ಯಕೃತ್ತಿನ ಕೋಶಗಳೂ ಹೀರುವ ಎಂಆರ್‌ಐ ಕಾಂಟ್ರಾಸ್ಟ್) ಕೊಟ್ಟರೆ ಕೆಲವರಿಗೆ ಸರಿಯಾಗಿ ಆರ್ಟೀರಿಯಲ್ ಹೊತ್ತಿಗೇ ಉಸಿರು ಹಿಡಿಯೋಕೆ ಆಗಲ್ಲ. ಈ ಕೆಲಸಕ್ಕೆ ಮಾಮೂಲಿ ಗ್ಯಾಡೋಲಿನಿಯಮ್ಮೇ ವಾಸಿ.

ಐಆರ್_ಫೆಲೋ:
ಈ ಲೆಕ್ಕ ಟೇಸ್‌ಗೆ. ವೈ-90 (ರಕ್ತನಾಳದ ಮೂಲಕ ಬಿಡುವ ವಿಕಿರಣ ಕಣಗಳು) ಅಥವಾ ಎಸ್‌ಬಿಆರ್‌ಟಿ (ಹೊರಗಿನಿಂದ ಗುರಿಯಿಟ್ಟು ಕೊಡುವ ರೇಡಿಯೇಷನ್) ಆದವರಲ್ಲಿ ಹೊಳಪು ತಿಂಗಳುಗಟ್ಟಲೆ ಉಳಿಯುತ್ತೆ, ಅದನ್ನು ನೋಡಿದ ತಕ್ಷಣ 'ಉಳಿದ ಗಡ್ಡೆ' ಅಂತ ಬರೀಬೇಡಿ. ಬೆಳೀತಿದೆಯಾ ಅನ್ನೋದು ಮುಖ್ಯ. 2024ರ ಲೈ-ರ‍್ಯಾಡ್ಸ್ (ಲಿವರ್ ಚಿತ್ರಗಳ ವರದಿಯ ನಿಯಮಾವಳಿ) ರೇಡಿಯೇಷನ್ನಿಗೆ ಬೇರೆಯೇ ದಾರಿ ಮಾಡಿರೋದು ಇದಕ್ಕೇ. ಆರ್‌ಎಫ್‌ಎ (ಸೂಜಿಯ ಬಿಸಿಯಿಂದ ಗಡ್ಡೆ ಸುಡುವ ಚಿಕಿತ್ಸೆ) ಆಗಿದ್ದರೆ ಸುತ್ತ ಸಮನಾದ ತೆಳು ಉಂಗುರ ಸಹಜ, ಒಂದು ಕಡೆ ಗಂಟಿನಂತೆ ದಪ್ಪಗಿದ್ದರೆ ಅನುಮಾನ.

ನಿಮ್ಮ ಕೇಸಲ್ಲಿ ಎಂಆರ್‌ಐಯಲ್ಲೂ ಅಂಚು ಹೊಳೆದರೆ ಅಳತೆಯ ಜತೆಗೆ ಯಾವ ಬದಿ, ಯಾವ ರಕ್ತನಾಳದ ಹತ್ತಿರ ಅಂತ ಬರೆಯಿರಿ. ಮುಂದಿನ ಟೇಸ್‌ನಲ್ಲಿ ಕ್ಯಾಥೆಟರ್ ಎಲ್ಲಿಗೆ ಒಯ್ಯಬೇಕು ಅನ್ನೋದು ಅದರ ಮೇಲೆ ನಿಂತಿದೆ.