2024ರ ರಾಕ್ ಆಲ್ಬಮ್‌ಗಳಲ್ಲಿ ನಿಮಗೆ ಯಾವುದು ಇಷ್ಟ?

ಪ್ರಶ್ನೆ: ನನ್ನ ಮಟ್ಟಿಗೆ ದಿ ಕ್ಯೂರ್ ತಂಡದ ‘ಸಾಂಗ್ಸ್ ಆಫ್ ಎ ಲಾಸ್ಟ್ ವರ್ಲ್ಡ್’ಗೆ ಸಾಟಿಯೇ ಇಲ್ಲ. 16 ವರ್ಷ ಕಾಯಿಸಿ ಬರೀ 8 ಹಾಡು ಕೊಟ್ಟರು, ಆದರೆ ಒಂದೂ ಸುಮ್ನೆ ತುಂಬಿಸಿದ್ದಲ್ಲ. ಮೊದಲ ಹಾಡಿನಲ್ಲಿ ಮೂರು ನಿಮಿಷ ದಾಟಿದ ಮೇಲೇ ಗಾಯಕ ರಾಬರ್ಟ್ ಸ್ಮಿತ್ ದನಿ ಕೇಳಿಸುವುದು, ಅಲ್ಲಿಯವರೆಗೆ ಡ್ರಮ್ಸ್, ಕೀಬೋರ್ಡ್ ಎರಡೂ ನಿಧಾನವಾಗಿ ನಮ್ಮನ್ನು ಒಳಗೆ ಎಳೆದುಕೊಳ್ಳುತ್ತವೆ. ಸ್ಮಿತ್ ತಮ್ಮ ಅಣ್ಣನ ಸಾವಿನ ಬಗ್ಗೆ ಬರೆದ ಹಾಡಂತೂ ಕರುಳು ಹಿಂಡುತ್ತದೆ. ನಿಮ್ಮ ಆಯ್ಕೆ ಹೇಳಿ.

ಉತ್ತರ 1: ಅದು ಚೆನ್ನಾಗಿದೆ, ಒಪ್ಪುತ್ತೇನೆ. ಆದರೆ ನನಗೆ ಜಾಸ್ತಿ ಹಿಡಿಸಿದ್ದು ಐರ್ಲೆಂಡಿನ ಫಾಂಟೇನ್ಸ್ ಡಿ.ಸಿ. ತಂಡದ ‘ರೊಮ್ಯಾನ್ಸ್’. ಮೊದಲಿನ ಒರಟುತನ ಕಡಿಮೆಯಾಗಿದೆ, ರಾಗಕ್ಕೆ ಜಾಗ ಸಿಕ್ಕಿದೆ. ಕೊನೆಯ ಹಾಡಿನ ಗಿಟಾರ್ ಕೇಳಿ, ಎಷ್ಟು ಹಗುರವಾಗಿದೆ ಅಲ್ವಾ?

ಉತ್ತರ 2: ಅಮೆರಿಕದ ಗಾಯಕ, ಗಿಟಾರ್ ವಾದಕ ಜ್ಯಾಕ್ ವೈಟ್ ಅವರನ್ನು ಮರೆತೇಬಿಟ್ಟಿರಲ್ಲ! ‘ನೋ ನೇಮ್’ ಆಲ್ಬಮನ್ನು ಜುಲೈನಲ್ಲಿ ತಮ್ಮದೇ ಥರ್ಡ್ ಮ್ಯಾನ್ ರೆಕಾರ್ಡ್ ಅಂಗಡಿಗಳಿಗೆ ಬಂದವರ ಚೀಲದೊಳಗೆ ಹೇಳದೆ ಕೇಳದೆ ಪುಕ್ಕಟೆಯಾಗಿ ಹಾಕಿ ಕಳಿಸಿದರು, ಬರೀ ಬಿಳಿ ಕವರು, ಮೇಲೆ ಅವರ ಹೆಸರೂ ಇಲ್ಲ. ಒಳಗೆ ಮಾತ್ರ ಬ್ಲೂಸ್ ಬೆರೆತ ಅಪ್ಪಟ ಗಿಟಾರ್ ಅಬ್ಬರ. ಪ್ರಚಾರವಿಲ್ಲದೆ ಸಂಗೀತವೊಂದೇ ಮುಂದೆ ನಿಂತದ್ದು ನನಗೆ ತುಂಬಾ ಹಿಡಿಸಿತು.

ಉತ್ತರ 3: ಪರ್ಲ್ ಜ್ಯಾಮ್ ತಂಡದ ‘ಡಾರ್ಕ್ ಮ್ಯಾಟರ್’ ಕೂಡ ಸೇರಿಸಿ. ಮ್ಯಾಟ್ ಕ್ಯಾಮರನ್ ಡ್ರಮ್ಸ್‌ಗಾಗಿಯಾದರೂ ಕೇಳಲೇಬೇಕು, ಹೆಡ್‌ಫೋನ್ ಹಾಕಿಕೊಂಡು, ಜೋರಾಗಿ.